ಉತ್ತರದ ರಸ್ತೆಯಲ್ಲಿ ಅಪ್ಪನ ಡೈರಿ

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ನಾವು ನಾಲ್ವರು ಬಾಡಿಗೆಯ ಮೋಟಾರ್‌ಹೋಮ್ ಒಂದರಲ್ಲಿ ವೆಸ್ಟೆರಾಸ್‌ನಿಂದ ಸ್ವೀಡನ್ನಿನ ಉತ್ತರದ ತುದಿಗೆ ಹೊರಟೆವು. ನಾನು, ನನ್ನ ಗಂಡ, ಆರು ವರ್ಷದ ಮಗಳು, ಮತ್ತು ದಾವಣಗೆರೆಯಿಂದ ಬಂದಿದ್ದ ನನ್ನ ಅಪ್ಪ. ಅಮ್ಮ ತಂಗಿಯ ಬಾಣಂತನಕ್ಕೆ ನಿಂತಿದ್ದರಿಂದ ಅಪ್ಪ ಒಬ್ಬರೇ ವಿಮಾನ ಹತ್ತಿದ್ದರು. ಅವರ ಜೀವನದಲ್ಲಿ ಅದೇ ಮೊದಲ ವಿಮಾನ ಪ್ರಯಾಣ. ಇಳಿದು ಹೊರಗೆ ಬಂದವರು ನನ್ನನ್ನು ಚೆನ್ನಾಗಿದ್ದೀಯಾ ಎಂದು ಕೇಳುವ ಮೊದಲೇ ಕೇಳಿದ್ದು, "ಇಲ್ಲಿ ಯಾರೂ ನನ್ನ ಪೆಟ್ಟಿಗೆ ತೆಗ್ಸಿ ನೋಡ್ಲೇ ಇಲ್ಲ. ಯಾಕವ್ವಾ?"

ಅಪ್ಪ ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದವರು. ರೈಟರ್ ಎಂದರೆ ಕಳ್ಳರನ್ನು ಅಟ್ಟಿಸಿಕೊಂಡು ಹೋಗುವವರಲ್ಲ, ಮೇಜಿನ ಹಿಂದೆ ಕೂತು ಎಲ್ಲವನ್ನೂ ಬರೆದಿಡುವ ಹೆಡ್ ಕಾನ್‌ಸ್ಟೇಬಲ್. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಏನೆಂದರು, ಹೇಳುವಾಗ ಎತ್ತ ನೋಡುತ್ತಿದ್ದರು. ಮೂವತ್ತನಾಲ್ಕು ವರ್ಷ ಅದನ್ನೇ ಮಾಡಿದವರು ನಿವೃತ್ತರಾದ ಮೇಲೂ ಸುಮ್ಮನಿರಲಿಲ್ಲ. ಹಾಲು ಹಾಕುವವನು ಒಂದು ದಿನ ಬೇರೆ ಚಪ್ಪಲಿ ಮೆಟ್ಟಿಕೊಂಡು ಬಂದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಚಿಕ್ಕವಳಿದ್ದಾಗ ಶಾಲೆಯಿಂದ ಬಂದು ನಾನು ಹೇಳುತ್ತಿದ್ದ ಸಣ್ಣಪುಟ್ಟ ಸುಳ್ಳುಗಳು ಅವರ ಎರಡನೇ ಪ್ರಶ್ನೆಗೇ ಬಿದ್ದುಹೋಗುತ್ತಿದ್ದವು. ಅದಕ್ಕೇ ಇರಬೇಕು, ಪ್ರಶ್ನೆ ಕೇಳುವ ಜನರೆಂದರೆ ನನಗೆ ಆಗುತ್ತಿರಲಿಲ್ಲ. ಮದುವೆಯಾದ ಮೇಲೆ ಎಲ್ಲಿಗೆ ಹೋಗಿದ್ದೆ, ಯಾರ ಫೋನು ಎಂದು ಗಂಡನನ್ನು ಒಂದು ದಿನವೂ ಕೇಳಿದವಳಲ್ಲ ನಾನು. ಅದು ನನ್ನ ದೊಡ್ಡ ಗುಣವೆಂದೇ ನಂಬಿದ್ದೆ.

ಗಂಡ ಬೆಂಗಳೂರಿನವನು. ವೆಸ್ಟೆರಾಸ್‌ನಲ್ಲಿ ವಿದ್ಯುತ್ ಉಪಕರಣಗಳ ಕಂಪನಿಯೊಂದರಲ್ಲಿ ಎಂಜಿನಿಯರ್. ನಾವು ಅಲ್ಲಿಗೆ ಹೋಗಿ ಮೂರು ವರ್ಷವಾಗಿತ್ತು. ನಾನು ಮನೆ ಹತ್ತಿರದ ದಾಗಿಸ್‌ನಲ್ಲಿ, ಅಂದರೆ ಪುಟ್ಟ ಮಕ್ಕಳನ್ನು ಹಗಲು ನೋಡಿಕೊಳ್ಳುವ ಶಾಲೆಯಲ್ಲಿ, ರಜೆ ಹಾಕಿದವರ ಬದಲಿಗೆ ಆಗಾಗ ಹೋಗುತ್ತಿದ್ದೆ. ಮಕ್ಕಳ ಜೊತೆ ಮಾತಾಡಿ ಮಾತಾಡಿ ನನಗೆ ಸ್ವೀಡಿಷ್ ಸುಮಾರಾಗಿ ಬರುತ್ತಿತ್ತು. ಗಂಡನಿಗೆ ಆಫೀಸಿನಲ್ಲಿ ಇಂಗ್ಲಿಷೇ ಸಾಕಾಗುತ್ತಿತ್ತು.

ಮೋಟಾರ್‌ಹೋಮ್ ಊರಾಚೆಯ ಹಿರಿಯ ದಂಪತಿಯದು. ಅವರು ಬೇಸಿಗೆಯಲ್ಲಿ ಬಾಡಿಗೆಗೆ ಕೊಡುತ್ತಿದ್ದರು. ಆ ಅಜ್ಜಿ ನನ್ನ ಗಂಡನ ಪರ್ಸೋನ್‌ನುಮ್ಮರ್, ಅಂದರೆ ಇಲ್ಲಿ ಪ್ರತಿಯೊಬ್ಬರಿಗೂ ಇರುವ ಗುರುತಿನ ಸಂಖ್ಯೆಯನ್ನು, ಒಂದು ಚೀಟಿಯಲ್ಲಿ ಬರೆದುಕೊಂಡು ಕೀ ಕೈಗಿತ್ತರು. ಒಳಗೆ ಹಾಸಿಗೆ, ಒಲೆ, ಪುಟ್ಟ ಶೌಚಾಲಯ, ಕಿಟಕಿಗೆ ಕಸೂತಿ ಹಾಕಿದ ಪರದೆ. ಅಪ್ಪ ಇಡೀ ಗಾಡಿಯನ್ನು ಎರಡು ಸುತ್ತು ಹಾಕಿ ನೋಡಿದರು. ಚಕ್ರದ ಪಕ್ಕದ ಒಂದು ಗೀರನ್ನು ಬೆರಳಿನಿಂದ ಸವರಿ ನೋಡಿ, ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡರು.

"ಇಷ್ಟು ದೊಡ್ಡ ಮನೇನ ಗುರ್ತಿಲ್ಲದವರ ಕೈಗೆ ಕೊಟ್ಟುಬಿಟ್ರಲ್ಲ. ಆಮೇಲೆ ಆ ಗೀರು ನೀವೇ ಮಾಡಿದ್ದು ಅಂದ್ರೆ?"

"ಮಾವ, ಇಲ್ಲಿ ಹಾಗೆಲ್ಲ ಮಾಡಲ್ಲ. ನೀವು ರಿಲ್ಯಾಕ್ಸ್ ಮಾಡಿ," ಎಂದ ನನ್ನ ಗಂಡ.

"ಆಯ್ತು ಅಳಿಯಂದ್ರೇ," ಎಂದರು ಅಪ್ಪ. ನೋಟ್‌ಬುಕ್ ಮಾತ್ರ ಒಳಗಿಡಲಿಲ್ಲ.

ಜೂನ್ ತಿಂಗಳ ಮಧ್ಯ. ದೇಶದ ನಡುವಿನ ಒಳನಾಡಿನಲ್ಲಿ ಉತ್ತರಕ್ಕೆ ಹೋಗುವ ದೊಡ್ಡ ರಸ್ತೆ ಒಂದೇ. ಮೂರಾ ಎಂಬ ಊರು ದಾಟಿದ ಮೇಲೆ ಎರಡೂ ಕಡೆ ಕಾಡು, ನಡುನಡುವೆ ಕೆರೆ, ಮತ್ತೆ ಕಾಡು. ಮರದ ದಿಮ್ಮಿ ಹೇರಿದ ಲಾರಿಗಳು ಎದುರು ಬಂದಾಗಲೆಲ್ಲ ನಮ್ಮ ಗಾಡಿ ಒಮ್ಮೆ ನಡುಗುತ್ತಿತ್ತು. ನೂರು ಕಿಲೋಮೀಟರಿಗೊಂದು ಊರು. ಊರೆಂದರೆ ಒಂದು ಪೆಟ್ರೋಲ್ ಬಂಕ್, ಒಂದು ಅಂಗಡಿ, ಒಂದು ಚರ್ಚ್. ಅಪ್ಪನಿಗೆ ಆ ನಿರ್ಜನತೆಯೇ ಅನುಮಾನ ತರಿಸಿತು. "ಮನೆ ಅದಾವು, ಬಾಗ್ಲ ಮುಂದೆ ಸೈಕಲ್ ಅದಾವು, ಮನುಷ್ಯರೇ ಇಲ್ಲ. ಎಲ್ಲಿಗೆ ಹೋದ್ರು ಇವ್ರೆಲ್ಲ?" ಎಂದು ಕಿಟಕಿಗೆ ಮುಖ ಒತ್ತಿ ಕೇಳುತ್ತಿದ್ದರು. ಮಗಳು ಅವರ ತೊಡೆಯ ಮೇಲೆ ಕೂತು, "ಇಂಗೆನ್ ಫಾರಾ, ಅಜ್ಜ," ಎನ್ನುತ್ತಿದ್ದಳು. ಏನೂ ಅಪಾಯವಿಲ್ಲ ಎಂದರ್ಥ. ದಾಗಿಸ್‌ನಲ್ಲಿ ಬಿದ್ದು ಅಳುವ ಮಕ್ಕಳಿಗೆ ಹೇಳುವ ಮಾತು ಅದು.

ಮೂರಾದ ಹತ್ತಿರ ನಾವು ತಂಗಿದ ಕ್ಯಾಂಪಿಂಗ್ ಜಾಗದಲ್ಲಿ ಒಂದು ಬೂದು ಬಣ್ಣದ ಹಳೆಯ ವ್ಯಾನ್ ನಿಂತಿತ್ತು. ಗಡ್ಡದ ಒಬ್ಬ ಮನುಷ್ಯ, ಒಂದು ಕಪ್ಪು ನಾಯಿ. ಎರಡನೇ ದಿನ ಓಸ್ಟರ್‌ಸುಂಡ್‌ನಲ್ಲಿ ಅದೇ ವ್ಯಾನ್. ಮೂರನೇ ದಿನ ಸ್ಟೂರುಮಾನ್‌ನಲ್ಲೂ ಅದೇ ವ್ಯಾನ್ ನಮಗಿಂತ ಮೊದಲೇ ಬಂದು ನಿಂತಿತ್ತು. ಆ ಮನುಷ್ಯ ಮಡಚುವ ಕುರ್ಚಿಯಲ್ಲಿ ಕೂತು ನಮ್ಮ ಗಾಡಿ ಒಳಬರುವುದನ್ನೇ ನೋಡುತ್ತಿದ್ದ.

"ನೋಡವ್ವಾ. ಮೂರು ಸಲ ಆತು," ಎಂದರು ಅಪ್ಪ.

"ಅಪ್ಪಾಜಿ, ಉತ್ತರಕ್ಕಿರೋದು ಒಂದೇ ರಸ್ತೆ. ಎಲ್ಲರೂ ಇಲ್ಲೇ ಬರಬೇಕು."

"ಎಲ್ಲಾರೂ ಬರ್ತಾರೆ. ಎಲ್ಲಾರೂ ನಮ್ಮನ್ನೇ ನೋಡಲ್ಲ."

ಆ ದಿನದಿಂದ ನಾನೂ ಆ ವ್ಯಾನನ್ನು ಹುಡುಕತೊಡಗಿದೆ. ಹಿಂದಿನ ಕನ್ನಡಿಯಲ್ಲಿ ಬೂದು ಬಣ್ಣದ್ದೇನು ಕಂಡರೂ ತಿರುಗಿ ನೋಡುತ್ತಿದ್ದೆ. ಮಗಳನ್ನು ಆಟದ ಜಾಗಕ್ಕೆ ಒಬ್ಬಳೇ ಕಳಿಸುವುದನ್ನು ನಿಲ್ಲಿಸಿದೆ. ಅಪ್ಪ ತಂಗಿದ ಕಡೆಯಲ್ಲೆಲ್ಲ ಬೆಳಿಗ್ಗೆ ಸಂಜೆ ಕೈ ಹಿಂದಕ್ಕೆ ಕಟ್ಟಿಕೊಂಡು ಒಂದು ಸುತ್ತು ಬರುತ್ತಿದ್ದರು. ಪ್ರತಿ ಗಾಡಿಯ ಹಿಂದೆ ನಿಂತು ನಂಬರ್ ಬರೆದುಕೊಳ್ಳುತ್ತಿದ್ದರು. ಬಿಳಿಯ ಸ್ವೆಟರು, ಮಂಕಿ ಕ್ಯಾಪು, ಕೆಳಗೆ ಪಂಚೆ, ಕಾಲಿಗೆ ನಾನು ಕೊಡಿಸಿದ ದಪ್ಪ ಬೂಟು. ಸೊಳ್ಳೆಗಳು ಅವರ ಸುತ್ತ ಮೋಡದಂತೆ ಹಾರುತ್ತಿದ್ದವು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ಜನ ಕಾಫಿಯ ಲೋಟ ಹಿಡಿದು ಅವರನ್ನೇ ನೋಡುವುದು ನನಗೆ ಕಾಣುತ್ತಿತ್ತು. ನಾಚಿಕೆಯಾಗುತ್ತಿತ್ತು. ಬೇಡ ಎಂದು ಹೇಳಲು ಬಾಯಿ ಬರಲಿಲ್ಲ. ಆ ಹೊತ್ತಿಗೆ ನನಗೂ ಯಾರಾದರೂ ಕಾವಲಿರಲಿ ಎನ್ನಿಸಿತ್ತು.

ಗಾಡಿಯ ಶೌಚಾಲಯದ ಕೆಳಗೊಂದು ಡಬ್ಬ ಇರುತ್ತದೆ. ದಿನಕ್ಕೊಮ್ಮೆ ಅದನ್ನು ಎಳೆದು ತೆಗೆದು, ಕ್ಯಾಂಪಿಂಗ್‌ನ ಮೂಲೆಯಲ್ಲಿರುವ ಗುಂಡಿಗೆ ಸುರಿದು, ತೊಳೆದು ತರಬೇಕು. ಮೊದಲ ದಿನ ಅಳಿಯ ಅದನ್ನು ಹೊತ್ತುಕೊಂಡು ಹೋಗುವುದನ್ನು ಕಂಡು ಅಪ್ಪ ಕಂಗಾಲಾದರು. "ನಾನು ಹೋಗ್ತೀನಿ ಬಿಡ್ರಿ," ಎಂದು ಹಿಂದೆಯೇ ಓಡಿದರು. ಗಂಡ ಬಿಡಲಿಲ್ಲ. ಮರುದಿನವೂ ಬಿಡಲಿಲ್ಲ. ಮನೆಯಲ್ಲಿ ಕಸದ ಚೀಲ ಕೆಳಗಿಡಲು ನೂರು ಸಲ ಹೇಳಿಸಿಕೊಳ್ಳುವವನು ಇಲ್ಲಿ ತಿಂಡಿಯಾದ ಕೂಡಲೇ ತಾನೇ ಎದ್ದು ಡಬ್ಬ ಹಿಡಿಯುತ್ತಿದ್ದ. ಮಾವನ ಮುಂದೆ ಒಳ್ಳೆಯ ಅಳಿಯನಾಗಲು ನೋಡುತ್ತಿದ್ದಾನೆ ಎಂದುಕೊಂಡು ಒಳಗೊಳಗೇ ನಕ್ಕಿದ್ದೆ.

ನಾಲ್ಕನೇ ರಾತ್ರಿ ಆರ್ವಿಡ್ಸ್‌ಯೌರ್‌ನ ಕೆರೆ ದಡದಲ್ಲಿ ತಂಗಿದೆವು. ಬೂದು ವ್ಯಾನ್ ಅಲ್ಲೂ ಇತ್ತು. ಬೆಳಿಗ್ಗೆ ನಾನು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಅಪ್ಪ ಹೊರಗೆ ಕುರ್ಚಿಯಲ್ಲಿ ಕೂತು ಮಗಳ ಜಡೆ ಹೆಣೆಯುತ್ತಿದ್ದರು. ಪೊಲೀಸ್ ಕಾರೊಂದು ಮೆಲ್ಲಗೆ ಬಂದು ನಮ್ಮ ಮುಂದೆಯೇ ನಿಂತಿತು. ಇಬ್ಬರು ಇಳಿದರು. ಮುಂದೆ ಬಂದಾಕೆ ನಲವತ್ತರ ಆಸುಪಾಸಿನ ಎತ್ತರದ ಹೆಂಗಸು. ಜೊತೆಯಲ್ಲಿದ್ದಾತ ಕಾರಿನ ಬಳಿಯೇ ನಿಂತ.

ಅಪ್ಪ ಜಡೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ನಿಂತರು. ಮಂಕಿ ಕ್ಯಾಪು ತೆಗೆದರು. ಹಿಮ್ಮಡಿ ಕೂಡಿಸಿ, ಎದೆ ಸೆಟೆಸಿ, ಆಕೆಗೊಂದು ಸಲ್ಯೂಟ್ ಹೊಡೆದರು.

"ರಿಟೈರ್ಡ್ ಪೊಲೀಸ್, ಮೇಡಂ. ಇಂಡಿಯಾ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಆ ವ್ಯಾನಿನ ವಿಷ್ಯಕ್ಕೇ ಬಂದಿರಬೇಕು. ನನ್ನ ಹತ್ರ ಎಲ್ಲಾ ಐತೆ ಅಂತ ಹೇಳವ್ವಾ," ಎಂದರು. ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

ಆಕೆ ನನ್ನೊಡನೆ ಸ್ವೀಡಿಷ್‌ನಲ್ಲಿ ನಿಧಾನವಾಗಿ ಮಾತಾಡಿದಳು. ಈ ಬೇಸಿಗೆ ಈ ರಸ್ತೆಯ ಉದ್ದಕ್ಕೂ ಮೋಟಾರ್‌ಹೋಮ್‌ಗಳಲ್ಲಿ ಕಳವಾಗುತ್ತಿದೆ. ಒಬ್ಬ ವಯಸ್ಸಾದ ಮನುಷ್ಯ ಪ್ರತಿ ತಂಗುದಾಣದಲ್ಲೂ ಗಾಡಿಗಳ ನಂಬರ್ ಬರೆದುಕೊಳ್ಳುತ್ತಿದ್ದಾನೆ ಎಂದು ಯಾರೋ ಫೋನ್ ಮಾಡಿದ್ದಾರೆ. ಅದಕ್ಕೇ ಒಂದು ಮಾತು ಕೇಳಿ ಹೋಗೋಣ ಎಂದು ಬಂದೆವು.

ನಾನು ಅಪ್ಪನ ಕಡೆ ನೋಡಿದೆ. ಅವರು ಇನ್ನೂ ಎದೆ ಸೆಟೆಸಿಯೇ ನಿಂತಿದ್ದರು.

"ಏನಂತೆ?"

"ಅಪ್ಪಾಜಿ... ನೀವು ನಂಬರ್ ಬರ್ಕೊಳ್ತಿರೋದು ನೋಡಿ ಯಾರೋ ಕಂಪ್ಲೇಂಟ್ ಮಾಡಿದಾರೆ. ನಿಮ್ಮನ್ನ ವಿಚಾರಿಸೋಕೆ ಬಂದಿದಾರೆ."

ಅಪ್ಪನ ಭುಜ ಮೆಲ್ಲಗೆ ಇಳಿಯಿತು. ನೋಟ್‌ಬುಕ್ ತೆಗೆದು ಎರಡೂ ಕೈಯಲ್ಲಿ ಆಕೆಗೆ ಕೊಟ್ಟರು. ಆಕೆ ಪುಟ ತಿರುವಿ ನೋಡಿ, ಅಕ್ಷರಗಳ ಮೇಲೆ ಬೆರಳಾಡಿಸಿ, ನನಗೆ ಕೊಟ್ಟು, "ಓದಿ ಹೇಳುತ್ತೀರಾ?" ಎಂದಳು.

ಗಂಡ ಕಾಫಿ ಲೋಟ ಹಿಡಿದು ಗಾಡಿಯ ಬಾಗಿಲಲ್ಲಿ ನಿಂತಿದ್ದ. ನಾನು ಓದತೊಡಗಿದೆ. ಠಾಣೆಯ ಡೈರಿಯ ಅದೇ ದುಂಡು ಅಕ್ಷರ, ಅದೇ ಬಿಗಿಯಾದ ಒಕ್ಕಣೆ. "ಮೂರಾ. ಬೂದು ವ್ಯಾನು. ಗಡ್ಡ. ನಾಯಿ ಒಂದು, ಕಪ್ಪು." ಸ್ವೀಡಿಷ್‌ನಲ್ಲಿ ಹೇಳಿದೆ. "ಬಿಳಿ ಗಾಡಿ, ಜರ್ಮನಿಯವರು. ಗಂಡ ಹೆಂಡತಿ ಜಗಳ." ಆಕೆಯ ತುಟಿಯಂಚು ಕೊಂಚ ಕದಲಿತು. "ಓಸ್ಟರ್‌ಸುಂಡ್. ಬೂದು ವ್ಯಾನು, ಎರಡನೇ ಸಲ." ಪುಟ ತಿರುವಿದೆ.

ಮುಂದಿನ ಸಾಲು ಹೀಗಿತ್ತು. "ಬೆಳಿಗ್ಗೆ 8-10. ಅಳಿಯಂದಿರು ಡಬ್ಬ ತೆಗೆದುಕೊಂಡು ಹೋದರು. ಶೆಡ್ಡಿನ ಹಿಂದೆ ಫೋನ್. ಇಂಗ್ಲಿಷ್. ದನಿ ತಗ್ಗಿಸಿ. 8-36ಕ್ಕೆ ವಾಪಸ್. ಮುಖ ಬಾಡಿದೆ. ಮಗಳು ಕೇಳಲಿಲ್ಲ."

ಅದರ ಕೆಳಗೆ ಮರುದಿನದ್ದು. "8-05. ಡಬ್ಬ. ಫೋನ್ ಎರಡು. ಎರಡನೆಯದರಲ್ಲಿ ನಕ್ಕರು. 8-40. ಮಗಳು ಕೇಳಲಿಲ್ಲ." ಎರಡೂ ದಿನದ ಸಾಲಿನ ಕೊನೆಗೆ ಅದೇ ಎರಡು ಪದ.

ನಾನು ಓದುವುದನ್ನು ನಿಲ್ಲಿಸಿಬಿಟ್ಟಿದ್ದೆನೆಂದು ಕಾಣುತ್ತದೆ. "ಅಲ್ಲೇನಿದೆ?" ಎಂದು ಆಕೆ ಕೇಳಿದಳು.

"ಊಟ ತಿಂಡಿ ವಿಷಯ," ಎಂದೆ. ಅಪ್ಪನನ್ನು ಬಿಟ್ಟರೆ ಪೊಲೀಸರಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಆಕೆ ನನ್ನ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದಳು. ಎರಡನೇ ಪ್ರಶ್ನೆ ಕೇಳಲಿಲ್ಲ. ನಮ್ಮ ಪರ್ಸೋನ್‌ನುಮ್ಮರ್, ಅಪ್ಪನ ಪಾಸ್‌ಪೋರ್ಟ್ ನೋಡಿದಳು. ಕಾರಿಗೆ ಹೋಗಿ ಯಾರೊಡನೆಯೋ ಮಾತಾಡಿ ಬಂದಳು. ನೋಟ್‌ಬುಕ್ಕನ್ನು ಅಪ್ಪನಿಗೆ ಹಿಂದಿರುಗಿಸಿ, ಇಲ್ಲಿ ಜನ ಹೆದರುತ್ತಾರೆ, ಇನ್ನು ಬರೆಯಬೇಡಿ ಎಂದು ಹೇಳಲು ನನಗೆ ಹೇಳಿದಳು. ಹೊರಡುವಾಗ ಅಪ್ಪನಿಗೆ ತಾನೂ ಒಂದು ಸಲ್ಯೂಟ್ ಹೊಡೆದಳು. ಅಪ್ಪ ಅದನ್ನು ನೋಡಲೇ ಇಲ್ಲ.

ಕಾರು ಹೋದ ಐದೇ ನಿಮಿಷಕ್ಕೆ ಗಡ್ಡದ ಮನುಷ್ಯ ನಾಯಿಯನ್ನು ಹಿಡಿದುಕೊಂಡು ನೇರ ನಮ್ಮ ಬಳಿ ಬಂದ. "ಫೋನ್ ಮಾಡಿದ್ದು ನಾನೇ," ಎಂದ. ದನಿಯಲ್ಲಿ ಅಳುಕಿರಲಿಲ್ಲ, ಸಿಟ್ಟೂ ಇರಲಿಲ್ಲ. ಹೋದ ವರ್ಷ ಅವನ ವ್ಯಾನ್ ಒಡೆದು ಇದ್ದಬದ್ದದ್ದನ್ನೆಲ್ಲ ಒಯ್ದಿದ್ದರಂತೆ. ಈ ಸಲ ಮೂರಾದಿಂದಲೂ ಪ್ರತಿ ದಿನ ನಮ್ಮ ಗಾಡಿ ತನ್ನ ಹಿಂದೆಯೇ ಬರುವುದನ್ನು ಕಂಡು ನಮ್ಮ ನಂಬರನ್ನು ಅವನೂ ಬರೆದಿಟ್ಟುಕೊಂಡಿದ್ದ. ತಪ್ಪಾಗಿದ್ದರೆ ಬೇಸರಿಸಬೇಡಿ ಎಂದು ಹೇಳಿ, ಮಗಳ ಕೈಯಲ್ಲಿ ನಾಯಿಯ ತಲೆ ಸವರಿಸಿ, ಹೊರಟುಹೋದ.

ನಾನು ಅಪ್ಪನಿಗೆ ಎಲ್ಲವನ್ನೂ ಹೇಳಿದೆ.

"ಅವನೂ ನಮ್ಮ ನಂಬರ್ ಬರ್ಕೊಂಡಿದ್ನಾ?"

"ಹೂಂ."

ಅಪ್ಪ ವ್ಯಾನಿನ ಕಡೆ ಬಹಳ ಹೊತ್ತು ನೋಡಿದರು. "ಬಂದು ಯಾಕೆ ಹೇಳ್ದ ಮತ್ತೆ? ಕಂಪ್ಲೇಂಟ್ ಕೊಟ್ಟೋನು ಎಲ್ಲಾರ ಬಂದು ನಾನೇ ಕೊಟ್ಟೆ ಅಂತಾನಾ? ಇನ್ನೂ ಏನೋ ಐತೆ ಅವನ ಮನಸ್ನಾಗೆ," ಎಂದರು. ಆದರೆ ನೋಟ್‌ಬುಕ್ಕನ್ನು ಪೆಟ್ಟಿಗೆಯ ತಳಕ್ಕೆ ಹಾಕಿ ಬೀಗ ಒತ್ತಿದರು.

ಯೋಕ್‌ಮೋಕ್ ಕಡೆಗೆ ಹೊರಟೆವು. ಆರ್ಕ್‌ಟಿಕ್ ವೃತ್ತ ದಾಟುವ ಜಾಗದಲ್ಲಿ ದೊಡ್ಡ ಫಲಕವೊಂದಿದೆ. ಮಗಳು ಗೆರೆ ಎಲ್ಲಿ ಎಂದು ನೆಲದಲ್ಲಿ ಹುಡುಕಿದಳು. ಗಂಡ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದ. ಆ ಫೋಟೋ ಈಗಲೂ ನನ್ನ ಬಳಿ ಇದೆ. ಅಪ್ಪ ಕ್ಯಾಮೆರಾ ನೋಡುತ್ತಿಲ್ಲ. ನಾನು ಕ್ಯಾಮೆರಾ ಹಿಡಿದವನನ್ನು ನೋಡುತ್ತಿದ್ದೇನೆ.

ಅಪ್ಪನನ್ನು ಒಂಟಿಯಾಗಿ ಹಿಡಿಯಲು ಯೋಕ್‌ಮೋಕ್‌ನ ಅಂಗಡಿಯವರೆಗೂ ಕಾಯಬೇಕಾಯಿತು. ಹಾಲಿನ ಕಪಾಟಿನ ಮುಂದೆ ನಿಲ್ಲಿಸಿ ಕೇಳಿದೆ. "ನನ್ನ ಗಂಡನ ಮೇಲೂ ಡೈರಿ ಬರೀತಿದೀರಾ?"

"ಅವ್ರ ಮೇಲಲ್ಲವ್ವಾ. ಕಂಡಿದ್ದು ಬರ್ದೀನಿ."

"ಏನು ಕಂಡ್ರಿ?"

"ಡಬ್ಬ ತೊಳ್ಯಾಕೆ ಐದು ನಿಮಿಷ ಸಾಕು. ಅವ್ರು ಅರ್ಧ ಗಂಟೆ ಮಾಡ್ತಾರೆ. ಅಷ್ಟೇ ಬರ್ದೀನಿ. ಯಾಕೆ ಏನು ಅನ್ನೋದನ್ನ ನಾನು ಯಾವತ್ತೂ ಬರ್ದೋನಲ್ಲ. ಅದು ಮೇಲಿನೋರ ಕೆಲ್ಸ."

"ಅದಕ್ಕೆ 'ಮಗಳು ಕೇಳಲಿಲ್ಲ' ಅಂತ ಯಾಕೆ ಬರೀಬೇಕು?"

ಅಪ್ಪ ಹಾಲಿನ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದರು. "ನೀನು ಕೇಳ್ಲಿಲ್ಲವಲ್ಲ," ಎಂದರು.

ಅಂದಿನಿಂದ ನನಗೆ ಗಂಡನ ಮುಖ ಬಿಟ್ಟು ಬೇರೇನೂ ಕಾಣದಾಯಿತು. ಕಿಟಕಿಯಾಚೆ ಕೆರೆಗಳು ಬಂದವು ಹೋದವು. ಕೆಲವು ಬೆಟ್ಟಗಳ ನೆತ್ತಿಯಲ್ಲಿ ಜೂನ್‌ನಲ್ಲೂ ಹಿಮವಿತ್ತು. ನಾನು ಅವನ ಜೇಬಿನ ಫೋನನ್ನು ನೋಡುತ್ತಿದ್ದೆ. ಅದು ಗುಂಯ್‌ಗುಟ್ಟಿದರೆ ಅವನು ಕಣ್ಣು ಎತ್ತ ಹಾಯಿಸುತ್ತಾನೆ ಎಂದು ನೋಡುತ್ತಿದ್ದೆ. ಹಿಂದಿನ ತಿಂಗಳುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದೆ. ಏಪ್ರಿಲ್‌ನಲ್ಲಿ ಎರಡು ಶನಿವಾರ ಆಫೀಸಿಗೆಂದು ಹೋಗಿದ್ದ. ಮೇ ತಿಂಗಳಲ್ಲಿ ಒಂದು ಹೊಸ ಶರ್ಟು. ಸ್ಟಾಕ್‌ಹೋಮ್‌ಗೆ ಮೀಟಿಂಗ್ ಎಂದು ಹೋಗಿ ತಡವಾಗಿ ಬಂದ ದಿನ. ಯಾವುದನ್ನೂ ಆಗ ನಾನು ಕೇಳಿರಲಿಲ್ಲ. ಈಗ ಅವೆಲ್ಲ ಸಾಲುಗಟ್ಟಿ ನಿಂತವು, ಅಪ್ಪನ ದುಂಡು ಅಕ್ಷರದಲ್ಲಿ.

ಯೆಲ್ಲಿವಾರೆಯಲ್ಲಿ ತಂಗಿದ ಮರುದಿನ ಬೆಳಿಗ್ಗೆ ಅವನು ಡಬ್ಬ ಹಿಡಿದು ಹೊರಟಾಗ ಮಗಳೂ ಹಿಂದೆ ಓಡಿದಳು. ಸ್ವಲ್ಪ ಹೊತ್ತಿಗೆ ಅವಳೊಬ್ಬಳೇ ವಾಪಸ್ ಬಂದಳು. ನಾಚಿಕೆ ಬಿಟ್ಟು ನಾನು ಕೇಳಿಯೇಬಿಟ್ಟೆ. "ಪಪ್ಪ ಯಾರ ಹತ್ರ ಮಾತಾಡ್ತಿದಾರೆ ಕಂದಾ?"

"ವೇತ್ ಇಂತೆ," ಎಂದಳು. ಗೊತ್ತಿಲ್ಲವಂತೆ. ಅವಳು ಉತ್ತರವನ್ನೆಲ್ಲ ಸ್ವೀಡಿಷ್‌ನಲ್ಲೇ ಕೊಡುತ್ತಿದ್ದಳು. ಚಮಚದಿಂದ ಮೊಸರು ಕಲಕುತ್ತ ಮತ್ತೆ ಹೇಳಿದಳು. "ಪಪ್ಪ ಸಾ ಅತ್ ದೆ ಎರ್ ಸ್ಲುತ್."

ಎಲ್ಲ ಮುಗೀತು ಅಂತ ಪಪ್ಪ ಹೇಳಿದ. ಆ ಭಾಷೆಯಲ್ಲಿ ಆ ಮಾತನ್ನು ಹಾಲು ಮುಗಿದರೂ ಹೇಳುತ್ತಾರೆ, ಸಿನಿಮಾ ಮುಗಿದರೂ ಹೇಳುತ್ತಾರೆ. ದಾಗಿಸ್‌ನ ನನ್ನ ಸಹೋದ್ಯೋಗಿಯೊಬ್ಬಳು ಗಂಡನನ್ನು ಬಿಟ್ಟ ದಿನ ಫಿಕಾದ ಮೇಜಿನಲ್ಲಿ, ಕಾಫಿ ಕುಡಿಯುತ್ತ, ನಮಗೆ ಹೇಳಿದ್ದೂ ಅದೇ ಮಾತನ್ನು.

ತಟ್ಟೆ ತೊಳೆದೆ. ಒರೆಸಿಟ್ಟೆ. ಒರೆಸಿದ್ದನ್ನೇ ಮತ್ತೆ ತೊಳೆದೆ. ಅಪ್ಪ ನನ್ನನ್ನು ನೋಡುತ್ತಿದ್ದರು. ಅವರ ಕೈಯಲ್ಲಿ ನೋಟ್‌ಬುಕ್ ಇರಲಿಲ್ಲ.

ಕಿರುನಾದ ಕಡೆ ಅರ್ಧ ದಾರಿ ಹೋಗಿರಬೇಕು. ಒಂದು ತಿರುವು ದಾಟಿದೊಡನೆ ರಸ್ತೆಯ ತುಂಬ ಹಿಮಸಾರಂಗಗಳು. ಇಪ್ಪತ್ತೋ ಮೂವತ್ತೋ ಇದ್ದವು, ಮರಿಗಳೂ ಜೊತೆಗಿದ್ದವು. ಹಾರ್ನ್ ಮಾಡಿದರೂ ಕದಲಲಿಲ್ಲ. ಗಂಡ ಇಂಜಿನ್ ಆರಿಸಿದ. "ಅಜ್ಜ, ಕೊಮ್!" ಎಂದು ಮಗಳು ಅಪ್ಪನ ಕೈ ಎಳೆದಳು. ಅವರಿಬ್ಬರೂ ಇಳಿದು ರಸ್ತೆಯ ಅಂಚಿನಲ್ಲಿ ನಿಂತರು. ಗಾಡಿಯೊಳಗೆ ನಾವಿಬ್ಬರೇ ಉಳಿದೆವು.

"ಯಾರ ಜೊತೆ ಮಾತಾಡ್ತೀಯಾ ದಿನಾ ಬೆಳಿಗ್ಗೆ?" ಎಂದೆ. ನನ್ನ ದನಿ ನನಗೇ ಅಪ್ಪನ ದನಿಯಂತೆ ಕೇಳಿಸಿತು.

"ಆಫೀಸ್ ಕಾಲ್."

"ರಜೆಯಲ್ಲಿ ದಿನಾ ಆಫೀಸ್ ಕಾಲಾ? ಅದೂ ಶೆಡ್ಡಿನ ಹಿಂದೆ ನಿಂತು?"

ಅವನು ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಎದುರಿಗೆ ನೋಡುತ್ತಿದ್ದ. ಒಂದು ಸಾರಂಗ ನಮ್ಮ ಬಾನೆಟ್ಟಿಗೆ ಮೈ ಉಜ್ಜಿಕೊಂಡು ಹಾದುಹೋಯಿತು.

"ಕೆಲ್ಸ ಹೋಗಿದೆ," ಎಂದ. "ಮೇನಲ್ಲೇ ನೋಟಿಸ್ ಕೊಟ್ರು. ನಮ್ಮ ಟೀಮಲ್ಲಿ ಆರು ಜನಕ್ಕೆ. ಆಗಸ್ಟ್ ಎಂಡ್ ಲಾಸ್ಟ್."

ನಾನು ಅವನ ಜೇಬಿನ ಫೋನಿನ ಕಡೆ ನೋಡಿದೆ.

"ಇಂಟರ್‌ವ್ಯೂ ಕಾಲ್ಸ್ ಅವೆಲ್ಲ. ಜುಲೈ ಬಂದ್ರೆ ಇಡೀ ದೇಶ ರಜಾ ಹೋಗತ್ತೆ, ಯಾರೂ ಫೋನ್ ಎತ್ತಲ್ಲ. ಅದಕ್ಕೆ ಈ ವಾರದಲ್ಲೇ ಮುಗಿಸ್ಬೇಕಿತ್ತು. ಬೆಳಿಗ್ಗೆ ಒಂದು ಕಡೆ ನೋ ಅಂದ್ರು. ಯೂನಿಯನ್‌ನವಳು ಇಂಗ್ಲಿಷ್ ಸರಿಯಾಗಿ ಮಾತಾಡಲ್ಲ, ಅದೂ ಮುಗೀತು ಅಂತ ಅವಳಿಗೆ ನನ್ನ ಹರಕು ಸ್ವೀಡಿಷ್‌ನಲ್ಲೇ ಹೇಳ್ತಿದ್ದೆ."

"ಮೇ ತಿಂಗಳಿಂದ ನನಗೆ ಯಾಕೆ ಹೇಳಲಿಲ್ಲ?"

"ನಿಮ್ಮಪ್ಪ ಫಸ್ಟ್ ಟೈಮ್ ಬಂದಿದಾರೆ. ಅವ್ರ ಮುಂದೆ ಹೇಗೆ ಹೇಳ್ಲಿ? ಟ್ರಿಪ್ ಮುಗೀಲಿ ಅಂತಿದ್ದೆ." ಆಮೇಲೆ ನನ್ನ ಕಡೆ ತಿರುಗಿದ. "ಮತ್ತೆ ನೀನು ಕೇಳ್ಲೂ ಇಲ್ಲ. ಒಂದ್ಸಲ ಕೇಳಿದ್ರೆ ಹೇಳ್ಬಿಡ್ತಿದ್ದೆ ಕಣೇ. ನಿಜವಾಗ್ಲೂ."

ಆ ಹೊತ್ತಿಗೆ ನನಗಾದದ್ದು ಸಮಾಧಾನವೋ ಸಿಟ್ಟೋ ಹೇಳಲಾರೆ. ಬೇರೆ ಹೆಂಗಸಿಲ್ಲ ಎಂಬುದು ತಿಳಿದಾಗ ಒಂದು ಸಲ ಉಸಿರು ಹೊರಗೆ ಬಂತು. ಅದರ ಬೆನ್ನಿಗೇ ಈ ದೇಶದಲ್ಲಿರಲು ನಮಗಿದ್ದ ಪರ್ಮಿಟ್ ಅವನ ಕೆಲಸಕ್ಕೆ ಕಟ್ಟಿದ್ದು ಎಂಬುದು ನೆನಪಾಯಿತು. ಕೆಲಸ ಹೋದರೆ ಇನ್ನೊಂದನ್ನು ಹುಡುಕಿಕೊಳ್ಳಲು ಕೆಲವೇ ತಿಂಗಳ ಗಡುವು, ಆಮೇಲೆ ಮೂಟೆ ಕಟ್ಟಬೇಕು. ಅಷ್ಟು ದೊಡ್ಡ ಸಂಗತಿಯನ್ನು ಒಳಗಿಟ್ಟುಕೊಂಡು ಇವನು ಐದಾರು ವಾರ ನನ್ನ ಪಕ್ಕದಲ್ಲಿ ಮಲಗಿ ಎದ್ದಿದ್ದಾನೆ. ನನಗೆ ಒಂದಿಷ್ಟೂ ಗೊತ್ತಾಗಿಲ್ಲ. ಹಾಗಿದ್ದರೆ ಇನ್ನೇನನ್ನು ಇಟ್ಟುಕೊಂಡಿರಬಹುದು?

"ಇನ್ನೇನಾದರೂ ಇದೆಯಾ?" ಎಂದು ಕೇಳಿದೆ.

ಅವನಿಗೆ ಅದು ತುಂಬ ನೋವು ಕೊಟ್ಟಿತು. ಬಾಗಿಲು ತೆಗೆದು ಇಳಿದುಹೋದ. ಸಾರಂಗಗಳ ನಡುವೆ ಹೋಗಿ ಮಗಳನ್ನು ಎತ್ತಿಕೊಂಡು ನಿಂತ.

ಅಬಿಸ್ಕೋದಲ್ಲಿ ರಸ್ತೆಯ ಒಂದು ಬದಿಗೆ ದೊಡ್ಡ ಸರೋವರ, ಇನ್ನೊಂದು ಬದಿಗೆ ಬೆಟ್ಟ. ನಾವು ಅಲ್ಲಿ ಎರಡು ದಿನ ಇದ್ದೆವು. ಸಂಜೆಯ ಅಡುಗೆಗೆ ನಾನು ಅಕ್ಕಿ ತೊಳೆಯುತ್ತಿದ್ದಾಗ ಗಂಡ ತಾನೇ ಹೋಗಿ ಅಪ್ಪನ ಎದುರಿನ ಕುರ್ಚಿಯಲ್ಲಿ ಕೂತ. ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದ. ಅಪ್ಪ ನಡುವೆ ಒಂದು ಪ್ರಶ್ನೆಯನ್ನೂ ಹಾಕಲಿಲ್ಲ. ಮುಗಿದ ಮೇಲೆ ಅವರೂ ತಲೆ ತಗ್ಗಿಸಿದರು.

"ಅಳಿಯಂದ್ರೇ, ನಾನು ಬೇರೆ ತಿಳ್ಕೊಂಡಿದ್ದೆ. ಬರ್ಯೋದು ಬೇರೆ, ತಿಳ್ಕೊಳ್ಳೋದು ಬೇರೆ ಅಂತ ಮಗಳಿಗೆ ಹೇಳ್ದೆ. ಅದು ಸುಳ್ಳು. ತಪ್ಪಾತು."

"ಪರವಾಗಿಲ್ಲ ಮಾವ," ಎಂದ ಗಂಡ. ಪರವಾಗಿಲ್ಲ ಎನ್ನುವಂತೇನೂ ಇರಲಿಲ್ಲ. ಎರಡು ದಿನ ಅವರಿಬ್ಬರ ಮಾತು ಊಟ, ಹವೆ, ಮಗಳು ಇಷ್ಟಕ್ಕೇ ನಿಂತಿತು. ಮೂರನೇ ದಿನ ವಾಪಸ್ ಹೊರಟಾಗ ಅಪ್ಪ ಯಾರಿಗೂ ಹೇಳದೆ ಬೆಳಿಗ್ಗೆಯೇ ಎದ್ದು ಡಬ್ಬ ಖಾಲಿ ಮಾಡಿ, ತೊಳೆದು, ಬಿಸಿಲಿಗಿಟ್ಟಿದ್ದರು. ಗಂಡ ನೋಡಿದ. ಮುಂದಿನ ಸೀಟಿನ ಬಾಗಿಲು ತೆಗೆದು, "ಇಲ್ಲಿ ಕೂತ್ಕೊಳ್ಳಿ ಮಾವ, ವ್ಯೂ ಚೆನ್ನಾಗಿರತ್ತೆ," ಎಂದ. ವೆಸ್ಟೆರಾಸ್ ತಲುಪುವವರೆಗೂ ಅಪ್ಪ ಅಲ್ಲೇ ಕೂತರು. ಎದುರು ಬರುವ ಲಾರಿಗಳನ್ನು ಮೊದಲೇ ಕಂಡು ಎಚ್ಚರಿಸುವ ಕೆಲಸ ಅವರದಾಯಿತು.

ಅಪ್ಪ ಆಗಸ್ಟ್‌ನಲ್ಲಿ ಊರಿಗೆ ಹೋದರು. ಸೆಪ್ಟೆಂಬರ್ ಪೂರ್ತಿ ಗಂಡ ಮನೆಯಲ್ಲಿದ್ದ. ಆ ತಿಂಗಳ ವಿಷಯ ಹೆಚ್ಚು ಬರೆಯಲಾರೆ. ನಾನು ಸಿಕ್ಕ ದಿನವೆಲ್ಲ ದಾಗಿಸ್‌ಗೆ ಹೋದೆ. ಪೆಟ್ಟಿಗೆಗಳನ್ನು ಅಟ್ಟದಿಂದ ಕೆಳಗಿಳಿಸಿ, ಧೂಳು ಒರೆಸಿ, ಮತ್ತೆ ಮೇಲಿಟ್ಟೆವು. ಅಕ್ಟೋಬರ್ ಮೊದಲ ವಾರದಲ್ಲಿ ಒಂದು ಮಧ್ಯಾಹ್ನ ಅವನು ಅಡುಗೆಮನೆಗೆ ಬಂದು, ಸ್ಟಾಕ್‌ಹೋಮ್ ಪಕ್ಕದ ಸೋಲ್ನಾದಲ್ಲಿ ಕೆಲಸ ಸಿಕ್ಕಿತು ಎಂದ. ಸಣ್ಣ ಕಂಪನಿ, ದಿನವೂ ರೈಲಿನಲ್ಲಿ ಓಡಾಡಬೇಕು, ಆದರೆ ಪರ್ಮಿಟ್‌ಗೆ ತೊಂದರೆಯಿಲ್ಲ. ನಾನು ಅವನನ್ನು ತಬ್ಬಿಕೊಂಡು ಅತ್ತೆ. ಮಗಳು ಏನೂ ತಿಳಿಯದೆ ನಮ್ಮಿಬ್ಬರ ಕಾಲುಗಳನ್ನು ತಬ್ಬಿಕೊಂಡಳು.

ಅವನು ಕೆಲಸಕ್ಕೆ ಹೋಗಲು ಶುರುಮಾಡಿ ಹತ್ತು ದಿನವಾಗಿತ್ತು. ಒಂದು ಗುರುವಾರ ದಾಗಿಸ್‌ನಲ್ಲಿ ನನ್ನ ಅಗತ್ಯವಿರಲಿಲ್ಲ. ಮಗಳನ್ನು ಶಾಲೆಗೆ ಬಿಟ್ಟವಳು ಮನೆಗೆ ಹಿಂದಿರುಗಲಿಲ್ಲ. ಸ್ಟೇಷನ್ನಿಗೆ ಹೋಗಿ ಸ್ಟಾಕ್‌ಹೋಮ್ ರೈಲು ಹತ್ತಿದೆ, ಅಲ್ಲಿಂದ ಲೋಕಲ್ ರೈಲು ಬದಲಿಸಿ ಸೋಲ್ನಾದಲ್ಲಿ ಇಳಿದೆ. ಅವನು ಹೇಳಿದ್ದ ಬೀದಿ, ಅವನು ಹೇಳಿದ್ದ ಕಟ್ಟಡ, ಎರಡೂ ಇದ್ದವು. ಎದುರಿನ ಬಸ್ ಸ್ಟಾಪಿನ ಗಾಜಿನ ಮರೆಯಲ್ಲಿ ನಿಂತೆ. ಥಂಡಿ ಗಾಳಿ ಬೀಸುತ್ತಿತ್ತು. ಬಂದ ಬಸ್ಸುಗಳನ್ನೆಲ್ಲ ಕೈಬೀಸಿ ಮುಂದೆ ಕಳಿಸಿದೆ. ಹನ್ನೊಂದೂವರೆ ದಾಟಿದ ಮೇಲೆ ಬಾಗಿಲು ತೆರೆಯಿತು. ಅವನು ಇನ್ನಿಬ್ಬರೊಡನೆ ಊಟಕ್ಕೆ ಹೊರಬಂದ. ಕುತ್ತಿಗೆಯಲ್ಲಿ ಹೊಸ ಐಡಿ ಕಾರ್ಡ್ ತೂಗುತ್ತಿತ್ತು. ಯಾವುದೋ ಮಾತಿಗೆ ಮೂವರೂ ನಕ್ಕರು. ಅವರು ಮೂಲೆ ತಿರುಗುವವರೆಗೂ ನೋಡುತ್ತ ನಿಂತಿದ್ದು, ಮುಂದಿನ ರೈಲು ಹಿಡಿದು ಮನೆಗೆ ಬಂದೆ. ಅವತ್ತು ಸಂಜೆ ಅವನು ಬಂದು, ದಿನ ಹೇಗಿತ್ತು ಎಂದು ಕೇಳಿದ. ಮನೆಯಲ್ಲೇ ಇದ್ದೆ ಎಂದೆ.